ಕಾಫಿ ಬಿಡಿಸಿದ ಚಳಿಗಾಲ

ಸರೋಜಮ್ಮನವರು ಕಾಶಿಯಲ್ಲಿ ಕಾಫಿ ಬಿಟ್ಟದ್ದು ಭಕ್ತಿಯಿಂದ ಎಂದು ನಮ್ಮ ದೊಡ್ಡಪ್ಪನ ಮನೆಯಲ್ಲಿ ಇವತ್ತಿಗೂ ಹೇಳುತ್ತಾರೆ. ಹೋದ ತಿಂಗಳು ಅಸ್ಸಿ ಘಾಟಿನ ಆ ಮನೆಗೆ ಹೋಗಿದ್ದೆ. ಪಂಕ್ತಿಯಲ್ಲಿ ಕೂತ ಗದಗಿನ ಯಾತ್ರಿಕರಿಗೆ ದೊಡ್ಡಮ್ಮ ಅನ್ನ ಬಡಿಸುತ್ತ ಅದನ್ನೇ ಹೇಳುತ್ತಿದ್ದಳು. ಹಾಸನದಿಂದ ಬಂದ ಒಬ್ಬ ಹೆಣ್ಣುಮಗಳು, ಕಾಫಿ ಕಂಪನಿಯವರು ಲೋಟವನ್ನು ಬಾಯಿಯ ತನಕ ತಂದು ಹಿಡಿದರೂ ಮುಖ ತಿರುಗಿಸಿ, ವಿಶ್ವನಾಥನಿಗೆ ಕಾಫಿಯನ್ನೇ ಅರ್ಪಿಸಿಬಿಟ್ಟಳಂತೆ. ಯಾತ್ರಿಕರು ಅಲ್ಲೇ ಎಂಜಲು ಕೈಯಲ್ಲೇ ನಮಸ್ಕಾರ ಮಾಡಲು ಹೊರಟು ನಾಚಿಕೊಂಡರು. ನಾನು ಮಜ್ಜಿಗೆ ಅನ್ನ ಕಲಸುತ್ತ ಸುಮ್ಮನೆ ಕೂತಿದ್ದೆ. ಸುಮ್ಮನೆ ಕೂರುವುದು ನನಗೆ ಅಭ್ಯಾಸವಿಲ್ಲದ ಕೆಲಸ.

ಮೊದಲನೆಯದಾಗಿ, ಲೋಟವನ್ನು ಯಾರೂ ಆಕೆಯ ಬಾಯಿಗೆ ಹಿಡಿಯಲಿಲ್ಲ. ಹಿಡಿದದ್ದು ಆಕೆಯೇ. ಎರಡನೆಯದಾಗಿ, ಆ ಕಾಫಿಗೂ ವಿಶ್ವನಾಥನಿಗೂ ಯಾವ ವ್ಯವಹಾರವೂ ನಡೆದಿರಲಿಲ್ಲ. ಮೂರನೆಯ ಅಂಶವೊಂದಿದೆ. ಅದನ್ನು ಹೇಳಬೇಕೆಂದರೆ ಆ ಚಳಿಗಾಲವನ್ನೇ ಹೇಳಬೇಕು.

ಎರಡು ಸಾವಿರದ ಏಳರಲ್ಲಿ ನಾನು ಧಾರವಾಡದಿಂದ ಎಂ.ಎ. ಓದಲು ಕಾಶಿಗೆ ಬಂದೆ. ಇರುವುದಕ್ಕೆ ದೊಡ್ಡಪ್ಪನ ಮನೆ. ದೊಡ್ಡಪ್ಪ ಕನ್ನಡದ ಯಾತ್ರಿಕರಿಗೆ ಪುರೋಹಿತರು. ಸ್ಟೇಷನ್ನಿಗೆ ಹೋಗಿ ಕರೆತರುವುದು, ಮನೆಯಲ್ಲೇ ಇಳಿಸಿಕೊಳ್ಳುವುದು, ಗಂಗೆಯ ಮೆಟ್ಟಿಲ ಮೇಲೆ ಸಂಕಲ್ಪ ಮಾಡಿಸುವುದು, ವಾಪಸು ಗಾಡಿ ಹತ್ತಿಸುವುದು, ಎಲ್ಲವೂ ಅವರದೇ. ನನ್ನ ಆಸ್ತಿ ಎಂದರೆ ಅಂತರ ಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು ಮತ್ತು ಅವನ್ನು ಗೆಲ್ಲಿಸಿಕೊಟ್ಟ ನಾಲಿಗೆ. ದೊಡ್ಡಪ್ಪ ನನ್ನನ್ನು ‘ವಕೀಲವ್ವಾ’ ಎಂದೇ ಕರೆಯುತ್ತಿದ್ದರು. ಅವರ ಮಗ, ನನ್ನ ತಮ್ಮನ ವಯಸ್ಸಿನವನು, ಕಾಶಿಯಲ್ಲೇ ಹುಟ್ಟಿದವನು. ಕನ್ನಡದಲ್ಲಿ ಬೈದರೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದ. ಕನ್ನಡವನ್ನು ಓದಿ ಬರೆಯಲು ಬರುವ ಹರೆಯದವರು ಆ ಗಲ್ಲಿಯಲ್ಲಿ ನನ್ನನ್ನು ಬಿಟ್ಟರೆ ಇರಲಿಲ್ಲವೇನೋ. ಹೀಗಾಗಿಯೇ ರಸ್ತೋಗಿ ನನ್ನನ್ನು ಹುಡುಕಿಕೊಂಡು ಬಂದ.

ದಿಲ್ಲಿಯ ಒಂದು ಯಾತ್ರಾ ವೆಬ್‌ಸೈಟ್ ಕಂಪನಿ ಕಾಶಿಯ ಭೇಲೂಪುರದಲ್ಲಿ, ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಮೇಲೆ, ಎರಡು ಕೋಣೆ ಬಾಡಿಗೆಗೆ ಹಿಡಿದಿತ್ತು. ರಸ್ತೋಗಿ ಅಲ್ಲಿಯ ಮ್ಯಾನೇಜರ್. ಬನಾರಸಿನವನೇ, ಬಾಯಲ್ಲಿ ಸದಾ ಪಾನ್, ಮಾತಿನಲ್ಲಿ ಸದಾ ‘ಲೋಕಲ್ ಟಚ್’. ಊರಿನಲ್ಲೇ ಕಂಪ್ಯೂಟರ್ ಮುಂದೆ ಕೂತು ಕಾಶಿಯ ಕೋಣೆ, ದೋಣಿ, ಪುರೋಹಿತ, ಊಟ ಎಲ್ಲವನ್ನೂ ಕಾದಿರಿಸಬಹುದು. ತಮಿಳರಿಗೆ ತಮಿಳು ಪುಟ, ಮರಾಠಿಗರಿಗೆ ಮರಾಠಿ ಪುಟ, ಕನ್ನಡದವರಿಗೆ ಕನ್ನಡದ್ದು. ಕನ್ನಡದ್ದಕ್ಕೆ ನಾನು. ದೊಡ್ಡಪ್ಪನೂ ಒಪ್ಪಿಕೊಂಡಿದ್ದರು. ಪೂಜೆ ಮಾಡಿಸುವ ಯಜಮಾನರ ಮಕ್ಕಳು ಈಗ ಪತ್ರ ಬರೆಯುವುದಿಲ್ಲ, ಪೆಟ್ಟಿಗೆ ನೋಡುತ್ತಾರೆ, ನಾವು ಪೆಟ್ಟಿಗೆಯೊಳಗೆ ಇರದಿದ್ದರೆ ಇಲ್ಲವೇ ಇಲ್ಲ ಎಂದು ಅವರೇ ಹೇಳಿದ್ದರು.

ಮೊದಲ ದಿನವೇ ಜಗಳ. ದಿಲ್ಲಿಯಿಂದ ಬಂದ ಕನ್ನಡ ಪುಟದಲ್ಲಿ ಕಾಂಚೀಪುರದ ಸೀರೆ ಉಟ್ಟ ಹುಡುಗಿಯೊಬ್ಬಳು ದೋಸೆಯ ತಟ್ಟೆ ಹಿಡಿದು ನಗುತ್ತಿದ್ದಳು. ಹಿಂದೆ ಇದ್ದ ಗೋಪುರ ನಮ್ಮ ಕಡೆಯದ್ದಲ್ಲ. ಇದು ಯಾರ ಕಡೆಯ ಲೋಕಲ್ಲು ಎಂದು ರಸ್ತೋಗಿಯನ್ನು ಕೇಳಿದೆ. ಸೌತ್ ಎಂದ. ಸೌತ್ ಎಂಬ ಊರಿನಿಂದ ಈವರೆಗೆ ಒಬ್ಬ ಯಾತ್ರಿಕನೂ ಕಾಶಿಗೆ ಬಂದಿಲ್ಲ ಎಂದೆ. ಆತ ಪಾನಿನ ರಸ ನುಂಗಿ, ಒಳ್ಳೆಯ ಪಾಯಿಂಟು ಎಂದು ತಲೆಯಾಡಿಸಿ, ಚಿತ್ರವನ್ನು ಹಾಗೆಯೇ ಬಿಟ್ಟ. ನನ್ನ ಜೀವಮಾನದಲ್ಲಿ ಅಷ್ಟು ಸುಲಭವಾಗಿ ಸೋಲೊಪ್ಪಿ, ಅಷ್ಟು ಪೂರ್ತಿಯಾಗಿ ಗೆಲ್ಲುವ ಮನುಷ್ಯನನ್ನು ನಾನು ಮತ್ತೆ ನೋಡಿಲ್ಲ.

ಎರಡನೆಯ ಜಗಳ ಕಾಫಿಯದು. ಕನ್ನಡ ಪುಟಗಳ ಖರ್ಚನ್ನು ಒಂದು ಕಾಫಿ ಪುಡಿ ಕಂಪನಿ ವಹಿಸಿಕೊಂಡಿತ್ತು. ಆದ್ದರಿಂದ ಪ್ರತಿ ಪುಟದ ಮೂಲೆಯಲ್ಲೂ ಆವಿಯಾಡುವ ಲೋಟ. ಕನ್ನಡದವರೆಂದರೆ ಕಾಫಿ ಎಂದು ದಿಲ್ಲಿಯಲ್ಲಿ ಯಾರೋ ತೀರ್ಮಾನಿಸಿಬಿಟ್ಟಿದ್ದರು. ನಾನು ಗೋಡೆಯ ಮೇಲಿನ ನಕ್ಷೆಯಲ್ಲಿ ಹುಬ್ಬಳ್ಳಿ, ಬಿಜಾಪುರ, ಬೀದರ್ ತೋರಿಸಿ, ಇಷ್ಟು ಕಡೆ ಜನ ಬೆಳಗಾಗೆದ್ದು ಚಹಾ ಕುಡಿಯುತ್ತಾರೆ, ಮನೆಗೆ ಬಂದವರಿಗೆ ಚಹಾ ಕೊಡುತ್ತಾರೆ, ಹೆಣ್ಣು ನೋಡಲು ಬಂದವರಿಗೂ ಚಹಾ ಕೊಡುತ್ತಾರೆ, ನಿಮ್ಮ ಲೋಟ ಕಂಡರೆ ಅವರಿಗೆ ತಮ್ಮ ಪುಟ ಅನ್ನಿಸುವುದೇ ಇಲ್ಲ ಎಂದು ವಾದಿಸಿದೆ. ರಸ್ತೋಗಿ ನಕ್ಷೆಯನ್ನು ಬಹಳ ಹೊತ್ತು ನೋಡಿದ. ನಂತರ ಕೇಳಿದ್ದು ಒಂದೇ: “ಮೇಡಂ, ಚಹಾದವರು ಯಾರಾದರೂ ದುಡ್ಡು ಕೊಡ್ತಾರಾ?”

ಡಿಸೆಂಬರಿನ ಹೊತ್ತಿಗೆ ಮಂಜು ಇಳಿಯಿತು. ಆ ಮಂಜಿಗೆ ಅಲ್ಲಿ ಕೋಹರಾ ಅನ್ನುತ್ತಾರೆ. ಎದುರಿನ ದಡ ಮೊದಲು ಹೋಯಿತು, ಆಮೇಲೆ ದೋಣಿಗಳು, ಆಮೇಲೆ ನಮ್ಮದೇ ಮೆಟ್ಟಿಲುಗಳು. ಗಾಡಿಗಳು ಅರ್ಧ ದಿನ ತಡವಾಗಿ ಬಂದವು. ದೊಡ್ಡಪ್ಪ ಮಂಕಿ ಟೋಪಿ ಹಾಕಿಕೊಂಡು, ಕಂಬಳಿ ಹೊದ್ದು, ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ಯಾತ್ರಿಕರಿಗಾಗಿ ಕಾದು ಕೂತು ಕೆಮ್ಮು ತಂದುಕೊಂಡರು. ಕಚೇರಿಯಲ್ಲಿ ಕರೆಂಟು ಹೋಗುವುದು, ಬರುವುದು. ಕೈಗವಸು ತೊಟ್ಟು ಕೀಲಿಮಣೆ ಒತ್ತಲು ಬರುವುದಿಲ್ಲವೆಂಬುದನ್ನು ನಾನು ಆಗ ಕಲಿತೆ.

ಅಂಥ ಒಂದು ದಿನ ರಸ್ತೋಗಿ, ನಿಮ್ಮ ಜನ ಕಾಶಿಗೆ ಬಂದು ಮಾಡುವಂಥದ್ದು, ಪುಟದಲ್ಲಿ ಇನ್ನೂ ಇಲ್ಲದ್ದು ಏನಾದರೂ ಇದೆಯೇ ಎಂದು ಕೇಳಿದ. ಹೇಳಿದೆ. ಹೇಳಿದ್ದನ್ನು ತಪ್ಪೆಂದು ಈಗಲೂ ಒಪ್ಪುವುದಿಲ್ಲ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಅದು. ಕಾಶಿಗೆ ಬಂದವರು ಏನಾದರೊಂದನ್ನು ಬಿಟ್ಟು ಹೋಗುತ್ತಾರೆ. ಒಂದು ಹಣ್ಣು, ಒಂದು ತರಕಾರಿ, ಇಷ್ಟವಾದದ್ದು ಯಾವುದಾದರೂ. ಬಿಟ್ಟ ಮೇಲೆ ಜೀವ ಇರುವ ತನಕ ಅದನ್ನು ತಿನ್ನುವಂತಿಲ್ಲ. ಬಿಡುವುದು ಗಯೆಯಲ್ಲಿ ಎಂದು ವಾದಿಸುವವರಿದ್ದಾರೆ. ದೊಡ್ಡಪ್ಪನ ಯಾತ್ರಿಕರು ಕಾಶಿಯಲ್ಲೇ ಬಿಡುತ್ತಿದ್ದರು.

ನಾನು ರಸ್ತೋಗಿಗೆ ಹೇಳದೆ ಉಳಿದದ್ದು ದೊಡ್ಡಪ್ಪ ಅದನ್ನು ಬಿಡಿಸುವ ರೀತಿ. ಹೇಳಿದ್ದರೂ ಅವನಿಗೆ ತಿಳಿಯುತ್ತಿರಲಿಲ್ಲ. ದೊಡ್ಡಪ್ಪ ಮೆಟ್ಟಿಲ ಮೇಲೆ ಕೂತು ಒಬ್ಬೊಬ್ಬರನ್ನೇ ಕೇಳುವರು, ಮತ್ತು ಅವರು ಹೇಳಿದ್ದನ್ನು ಎಂದೂ ಒಪ್ಪುತ್ತಿರಲಿಲ್ಲ. ಸಂತೆಯಲ್ಲಿ ಬೆಲೆ ಇಳಿಸಿದ ಹಾಗೆ ತ್ಯಾಗವನ್ನು ಇಳಿಸುತ್ತಿದ್ದರು. ಮಾವಿನಹಣ್ಣು ಬಿಡುತ್ತೇನೆಂದವರಿಗೆ, ಮೊಮ್ಮಕ್ಕಳು ಹೆಚ್ಚಿ ಕೊಟ್ಟಾಗ ಏನು ಮಾಡುತ್ತೀರಿ ಎಂದು ಕೇಳಿ ಸೀತಾಫಲಕ್ಕೆ ಇಳಿಸಿದ್ದನ್ನು ನಾನೇ ನೋಡಿದ್ದೇನೆ. ನಿವೃತ್ತ ಮಾಸ್ತರರೊಬ್ಬರು ಎದೆಯ ಮೇಲೆ ಕೈಯಿಟ್ಟು, ನಾನು ಸಿಟ್ಟನ್ನೇ ಬಿಡುತ್ತೇನೆ ಎಂದರು.

“ಸಿಟ್ಟು ಬ್ಯಾಡ್ರಿ ಮಾಸ್ತರ,” ಎಂದರು ದೊಡ್ಡಪ್ಪ. “ಇವತ್ತ ಗಾಡಿ ತಡ ಅದ. ಸಂಜಿಗೇ ಮುರೀತದ. ಪಡವಲಕಾಯಿ ಬಿಡ್ರಿ.”

ಮಾಸ್ತರರು ಪಡವಲಕಾಯಿ ಬಿಟ್ಟರು. ಇದು ತ್ಯಾಗವೋ ತರಕಾರಿ ಮಾರ್ಕೆಟ್ಟೋ ಎಂದು ನಾನು ದಾರಿಯುದ್ದಕ್ಕೂ ರೇಗಿಸಿದೆ. ಬೇಡದ್ದನ್ನು ಬಿಡುವುದರಲ್ಲಿ ಏನು ಪುಣ್ಯ? ದೊಡ್ಡಪ್ಪ ಕೆಮ್ಮಿ, ಬಿಡೋದು ಒಂದು ಗಳಿಗೆಯ ಕೆಲಸ, ಬಿಟ್ಟಿರೋದು ಎಷ್ಟು ವರ್ಷದ್ದು ಅಂತ ಯಾರಿಗೆ ಗೊತ್ತು ವಕೀಲವ್ವಾ, ಎಂದಿದ್ದರು. ನನಗೆ ಅದು ನುಣುಚಿಕೊಳ್ಳುವ ಉತ್ತರವಾಗಿ ಕಂಡಿತು.

ವಾರದೊಳಗೆ ರಸ್ತೋಗಿಯ ಪುಟ ತಯಾರಾಯಿತು. ‘ಕಾಶಿಯಲ್ಲಿ ನೀವು ಬಿಡುವುದೇನು?’ ಎಂಬ ಪ್ರಶ್ನೆ, ಕೆಳಗೆ ಬಿಚ್ಚಿಕೊಳ್ಳುವ ಒಂದು ಪಟ್ಟಿ. ಒಂದನ್ನು ಒತ್ತಿದರೆ ಕೋಣೆಯ ಜೊತೆ, ದೋಣಿಯ ಜೊತೆ ಅದೂ ಖಾತ್ರಿಯಾಗುತ್ತದೆ. ಇದು ಮೆಟ್ಟಿಲ ಮೇಲೆ ಮಾತಾಡಿ ಆಗುವ ಕೆಲಸ, ಮುಂಗಡ ಕಾದಿರಿಸುವ ಕೆಲಸವಲ್ಲ ಎಂದು ಕೂಗಾಡಿದೆ. ಪಟ್ಟಿಯಲ್ಲಿ ಇಡ್ಲಿ, ಸಾಂಬಾರ್ ಇದ್ದವು, ತೆಗೆಸಿದೆ. ಕಾಫಿಯೂ ಇತ್ತು. ಅದನ್ನು ತೆಗೆಸಲಾಗಲಿಲ್ಲ. ಕಾಫಿ ಎಂಬ ಪದ ಎಲ್ಲಿ ಬಂದರೂ ಕಂಪನಿಗೆ ಸಂತೋಷವಂತೆ. ಅದೂ ಅಲ್ಲದೆ ಅವರ ಜಾಹೀರಾತಿನ ಹೊಸ ಸಾಲೇ ಅದರ ಮೇಲೆ ನಿಂತಿತ್ತು: ‘ಕಾಶಿಯಲ್ಲಿ ಏನೇ ಬಿಟ್ಟರೂ ಕಾಫಿ ಮಾತ್ರ ಬಿಡಲಾರೆ.’ ಇದನ್ನು ಹೇಳಲು ಕನ್ನಡದ ಅಜ್ಜಿಯೊಬ್ಬರು ಬೇಕು, ಗಂಗೆಯ ಮೆಟ್ಟಿಲ ಮೇಲೆ ಲೋಟ ಹಿಡಿದು ಕೂರಬೇಕು, ಫೋಟೋ ತೆಗೆಯಬೇಕು. ಹಾಗಾದರೆ ಪಟ್ಟಿಯಲ್ಲಿ ಯಾರಾದರೂ ಕಾಫಿಯನ್ನೇ ಒತ್ತಿದರೆ ಎಂದು ಕೇಳಿದೆ. ರಸ್ತೋಗಿ ನಕ್ಕ. ಕನ್ನಡದವರು ಕಾಫಿ ಬಿಡುತ್ತಾರೆಯೇ?

ಜನವರಿಯಲ್ಲಿ ಒಬ್ಬರು ಒತ್ತಿದರು. ಹಾಸನದ ಸರೋಜಮ್ಮ, ಮನೆಯವರು ಯಾರೂ ಇಲ್ಲದೆ, ಮಹಿಳಾ ತಂಡವೊಂದರ ಜೊತೆ. ಬಿಡುವುದು: ಕಾಫಿ. ಪರದೆಯ ಮೇಲೆ ಓದಿ ನಾನು ಒಳಗೊಳಗೇ ಚಪ್ಪಾಳೆ ತಟ್ಟಿದೆ. ಪಡವಲಕಾಯಿಗಳ ನಡುವೆ ಕೊನೆಗೂ ಒಬ್ಬ ಗಟ್ಟಿ ಹೆಂಗಸು.

ಆ ಗಟ್ಟಿ ಹೆಂಗಸು ಬಂದಿಳಿದ ಸಂಜೆ ದೊಡ್ಡಪ್ಪನ ಮನೆಯಲ್ಲಿ, ಬಹುಶಃ ಆ ಮನೆಯ ಚರಿತ್ರೆಯಲ್ಲೇ ಮೊದಲ ಬಾರಿಗೆ, ಕಾಫಿಯ ಘಮ ಹಬ್ಬಿತು. ನಮ್ಮದು ಚಹಾದ ಮನೆ. ಆಕೆ ಚೀಲದಿಂದ ಹಳೆಯ ಸ್ಟೀಲ್ ಫಿಲ್ಟರ್ ತೆಗೆದು, ಪುಡಿಯ ಡಬ್ಬಿ ತೆಗೆದು, ದೊಡ್ಡಮ್ಮನ ಒಲೆಯ ಪಕ್ಕದಲ್ಲಿ ಡಿಕಾಕ್ಷನ್ ಇಳಿಯುವುದನ್ನು ಕೂಸನ್ನು ಕಾದ ಹಾಗೆ ಕಾಯುತ್ತ ಕೂತಿದ್ದರು. ಸಣ್ಣ ಮೈ, ಬಿಳಿ ತುರುಬು, ಸ್ವೆಟರಿನ ಮೇಲೆ ಸೆರಗು. ರೈಲಿನಲ್ಲಿ ಕೊಟ್ಟದ್ದನ್ನು ಕಾಫಿ ಎನ್ನುವವರಿಗೆ ಗಂಗೆಯಲ್ಲಿ ಮುಳುಗಿದರೂ ಪಾಪ ಹೋಗದು ಎಂದು ದೊಡ್ಡಮ್ಮನನ್ನು ನಗಿಸುತ್ತಿದ್ದರು. ಮನೆಯಲ್ಲೂ ತನ್ನದೇ ಕೈ. ಮಗ ಬೆಳಿಗ್ಗೆ ಈ ಕೈಯ ಕಾಫಿ ಕುಡಿಯದೆ ಬಾತ್‌ರೂಮಿಗೂ ಹೋಗುವುದಿಲ್ಲ, ಸೊಸೆ ಮಾಡಿದ್ದು ಮುಟ್ಟುವುದಿಲ್ಲ. ನನಗೂ ಒಂದು ಲೋಟ ಕೊಟ್ಟರು.

ನಾಳೆ ಏನು ಬಿಡುತ್ತೀರಿ ಎಂದು ಕೇಳಿದೆ, ಗೊತ್ತಿದ್ದೂ.

“ಹಲಸಿನಹಣ್ಣು ಕಣಮ್ಮ,” ಎಂದರು. “ಅದೂ ಇಷ್ಟವೇ. ಆದರೆ ವರ್ಷಕ್ಕೊಂದ್ಸಲ ತಾನೇ.”

ನಾನು ಹೇಳಿಬಿಟ್ಟೆ. ಪಟ್ಟಿಯ ವಿಷಯ, ಕಾಫಿಯ ವಿಷಯ, ಹಣ ಕಟ್ಟಿದ್ದು ಅವರ ಮಗನ ಹೆಸರಿನಲ್ಲಿ ಎಂಬ, ನಾನು ಆವರೆಗೆ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ ವಿಷಯ. ಆಕೆ ಲೋಟವನ್ನು ಕೆಳಗಿಡಲಿಲ್ಲ, ಮತ್ತೊಂದು ಗುಟುಕು ಕುಡಿದರು. ಅದನ್ನು ಒತ್ತುವಾಗ ಕೈ ಜಾರಿರಬಹುದು ಎಂದು ನಾನೇ ಸಮಾಧಾನ ಹೇಳಿದೆ. ಅವನ ಕೈ ಜಾರುವುದಿಲ್ಲ, ಬ್ಯಾಂಕಿನಲ್ಲಿ ಕ್ಯಾಷಿಯರ್ ಎಂದರು. ಅಷ್ಟೇ.

ಅಂಗಳಕ್ಕೆ ಹೋಗಿ ಮಗನಿಗೆ ಫೋನು ಮಾಡಿದವಳು ನಾನು. ಕೈ ಜಾರಿರಲಿಲ್ಲ. ದಿನಕ್ಕೆ ಲೆಕ್ಕವಿಲ್ಲದಷ್ಟು ಕುಡಿಯುತ್ತಾರೆ, ನಿದ್ದೆಯಿಲ್ಲ, ಎದೆ ಹೊಡೆದುಕೊಳ್ಳುತ್ತದೆ, ಡಾಕ್ಟರು ಹೇಳಿಯಾಯಿತು, ನಾನೂ ಹೇಳಿಯಾಯಿತು ಎಂದ. “ನಮ್ಮ ಮಾತು ಕೇಳಲ್ಲ ಮೇಡಂ. ಕಾಶೀಲಿ ಬಿಟ್ಟದ್ದು ಅಂದ್ರೆ ಕೇಳ್ತಾರೆ.” ದನಿಯಲ್ಲಿ ಪ್ರೀತಿಯಿರಲಿಲ್ಲ ಎಂದು ನಾನು ಹೇಳಲಾರೆ, ಇತ್ತು. ನಾನು ಎತ್ತಿದ ಪ್ರಶ್ನೆ ಬೇರೆ: ಒಬ್ಬರ ತ್ಯಾಗವನ್ನು ಇನ್ನೊಬ್ಬರು ಮಾಡಬಹುದೇ? ಹಾಗಾದರೆ ಅವರ ಉಪವಾಸವನ್ನು ನೀವು ಊಟ ಮಾಡಿ ಮುಗಿಸಬಹುದಲ್ಲ? ಆತ ತಾಳ್ಮೆಯಿಂದ ಕೇಳಿ, ನೀವು ಕಸ್ಟಮರ್ ಕೇರಿನವರೋ ಅಲ್ಲವೋ ಎಂದ. ಅಲ್ಲವೆಂದೆ. ಹಾಗಾದರೆ ಇದು ನಮ್ಮ ಮನೆಯ ವಿಷಯ ಎಂದು ಇಟ್ಟುಬಿಟ್ಟ.

ರಸ್ತೋಗಿಗೂ ಮಾಡಿದೆ. ಬದಲಾಯಿಸಲು ಬರುತ್ತದೆಯೇ ಎಂದರೆ, ಖಾತ್ರಿಯಾದ ಮೇಲೆ ಸಿಸ್ಟಂ ಬದಲಾಯಿಸಲು ಬಿಡುವುದಿಲ್ಲ, ಹೊಸದಾಗಿ ಕಾದಿರಿಸಬೇಕು ಎಂದ. ನಡುವೆ ಅವನಿಗೆ ಹೊಳೆದದ್ದು ಬೇರೆಯೇ: ಬಿಳಿ ತುರುಬಿನ ಅಜ್ಜಿ ಅಂದಿರಲ್ಲ, ಫಿಲ್ಟರ್ ಸಮೇತ ಬಂದಿದ್ದಾರಾ? ನಾಳೆ ಫೋಟೋದವನನ್ನು ಕರೆತರುತ್ತೇನೆ. ಆಕೆಗೆ ಕಾಫಿಯನ್ನೇ ಬಿಡಿಸಿದ್ದೀರಿ ಎಂದು ಮೂರು ಸಲ ಹೇಳಿದೆ. ಫೋಟೋ ಬಿಡುವ ಮೊದಲೇ ತೆಗೆದರಾಯಿತು ಎಂದ.

ಬೆಳಿಗ್ಗೆ ಅಸ್ಸಿಯ ಮೆಟ್ಟಿಲ ಮೇಲೆ ಮಂಜು ಹೇಗಿತ್ತೆಂದರೆ ನೀರು ಎಲ್ಲಿ ಶುರುವಾಗುತ್ತದೆ ಎಂಬುದು ಕಾಲಿಗೆ ತಗುಲಿದ ಮೇಲೆಯೇ ತಿಳಿಯುತ್ತಿತ್ತು. ತಂಡದ ಹೆಂಗಸರು ಮಿಂದು ನಡುಗುತ್ತ ಸಾಲಾಗಿ ಕೂತರು. ರಸ್ತೋಗಿ ಫ್ಲಾಸ್ಕು, ಲೋಟ, ಬಟ್ಟಲು, ಫೋಟೋದವನು, ಎಲ್ಲವನ್ನೂ ತಂದಿದ್ದ. ಸರೋಜಮ್ಮನವರ ಕೈಗೆ ಲೋಟ ಕೊಟ್ಟ. ಆಕೆ ಹಿಡಿದುಕೊಂಡರು. ಬಿಸಿ ಬೇಕಾಗಿತ್ತು, ಎರಡೂ ಕೈಯಿಂದ ಹಿಡಿದು ಮುಖದ ಹತ್ತಿರ ಒಯ್ದು ಆವಿ ತೆಗೆದುಕೊಂಡರು. ಫೋಟೋದವನು ತೆಗೆಯುತ್ತ ಹೋದ. ಅವರು ಕುಡಿಯಲಿಲ್ಲ.

ದೊಡ್ಡಪ್ಪನಿಗೆ ನಾನು ಎಲ್ಲವನ್ನೂ ಹೇಳಿದ್ದೆ. ಇದ್ದ ಒಂದೇ ಭರವಸೆ ಅವರದು. ಸಿಟ್ಟನ್ನು ಪಡವಲಕಾಯಿಗೆ ಇಳಿಸಿದ ಮನುಷ್ಯ. ಕಾಫಿಯನ್ನು ಹಲಸಿನಹಣ್ಣಿಗೆ ಇಳಿಸಲಾರರೇ?

“ಏನ ಬಿಡ್ತೀರಿ ತಾಯೀ?” ಎಂದು ಕೇಳಿದರು.

“ಕಾಫಿ.”

“ಮಗ ಅಲ್ಲಿ ಕೂತು ಒತ್ತಿದ್ದು ಇಲ್ಲಿ ನಡಿಯಂಗಿಲ್ರಿ. ಬಿಡೋರು ನೀವು. ಹಲಸಿನಹಣ್ಣು ಅಂದಿದ್ರಂತ, ಭಾಳ ಚಲೋ ಹಣ್ಣು ಅದು.”

“ಯಾರು ಬಿಡಿಸಿದ್ರೂ ನಾಲಿಗೆ ನನ್ನದೇ ಅಲ್ವಾ ಭಟ್ಟರೇ. ಅವನು ಕೇಳಿದ್ದು ಕೊಟ್ಟೆ ಅಂತ ಆಗಲಿ.”

ದೊಡ್ಡಪ್ಪ ಇನ್ನೂ ಎರಡು ಮೂರು ಹಣ್ಣು ಹೇಳಿ ನೋಡಿದರು. ಆಕೆ ಅಲ್ಲಾಡಲಿಲ್ಲ. ನಾನು ಬಾಯಿ ಹಾಕಿದೆ, ಸಿಟ್ಟಿನಲ್ಲಿ ಮಾಡಿದ್ದು ಸಂಕಲ್ಪ ಹೇಗಾಗುತ್ತದೆ ಎಂದೆ. ಆಕೆ ನನ್ನ ಕಡೆ ತಿರುಗಲೂ ಇಲ್ಲ. ತಣ್ಣಗಾಗುತ್ತಿದ್ದ ಲೋಟವನ್ನು ಮೆಟ್ಟಿಲ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ದೊಡ್ಡಪ್ಪನನ್ನು ಒಂದು ಪ್ರಶ್ನೆ ಕೇಳಿದರು. ಬಹಳ ಸಾದಾ ದನಿಯಲ್ಲಿ.

“ಬಿಟ್ಟ ಮೇಲೆ ಕೈಯಲ್ಲೂ ಮುಟ್ಟಬಾರದು ಅಲ್ವಾ? ಬೇರೆಯವರಿಗೆ ಮಾಡಿ ಕೊಡೋದಕ್ಕೂ?”

ಹಾಗೆ ಎಲ್ಲೂ ಇಲ್ಲ. ಇಲ್ಲವೆಂಬುದು ನನಗೇ ಗೊತ್ತಿತ್ತು. ಮಾವು ಬಿಟ್ಟವರು ಮಕ್ಕಳಿಗೆ ಮಾವು ಹೆಚ್ಚಿ ಕೊಡುತ್ತಾರೆ, ಅದರಲ್ಲೇ ಅದರ ರುಚಿ ಕಾಣುತ್ತಾರೆ. ದೊಡ್ಡಪ್ಪ ಆಕೆಯ ಮುಖ ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ ರಸ್ತೋಗಿ ಕೂಡ ಪಾನ್ ಅಗಿಯುವುದನ್ನು ನಿಲ್ಲಿಸಿದ.

“ಕೆಲವು ಮನಿತನದಾಗ ಮುಟ್ಟೂದಿಲ್ರಿ,” ಎಂದರು.

“ನಮ್ಮದೂ ಹಾಗೇ ಅಂದ್ಕೊಳ್ಳಿ,” ಎಂದರು ಸರೋಜಮ್ಮ. ನೀರು ಬಿಟ್ಟರು. ಆಯಿತು.

ನಡೆದದ್ದು ಇಷ್ಟು. ಹೊರಡುವ ದಿನ ಫಿಲ್ಟರನ್ನು ದೊಡ್ಡಮ್ಮನಿಗೆ ಕೊಟ್ಟು ಹೋದರು. ಡಬ್ಬಿಯಲ್ಲಿ ಪುಡಿ ಅರ್ಧಕ್ಕಿಂತ ಹೆಚ್ಚಿತ್ತು. ಗಾಡಿ ಹತ್ತುವಾಗ ಪ್ಲಾಟ್‌ಫಾರಂ ಮೇಲೆ ಎಲ್ಲರೂ ಮಣ್ಣಿನ ಕುಲ್ಹಡ್‌ಗಳಲ್ಲಿ ಚಹಾ ಕುಡಿದರು. ಆಕೆಗೆ ಚಹಾ ಸೇರುವುದಿಲ್ಲ, ಖಾಲಿ ಕೈಗಳನ್ನು ಸ್ವೆಟರಿನ ತೋಳೊಳಗೆ ಎಳೆದುಕೊಂಡು ಕೂತರು. ಮಾರನೆಯ ವರ್ಷ ಹಾಸನದ ಕಡೆಯಿಂದ ಬಂದವರು ಸುದ್ದಿ ತಂದರು. ಮನೆಯಲ್ಲಿ ಕಾಫಿ ಕಾಯಿಸುವುದೇ ನಿಂತಿದೆಯಂತೆ, ಮಗ ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕುಡಿಯುತ್ತಾನಂತೆ. ತಾಯಿ ಚೆನ್ನಾಗಿ ನಿದ್ದೆ ಮಾಡುತ್ತಿದ್ದಾರೆಯೇ ಎಂದು ಕೇಳಿದೆ. ಅದನ್ನು ಅವರು ವಿಚಾರಿಸಿರಲಿಲ್ಲ.

ಕಾಫಿ ಕಂಪನಿ ಮುಳುಗಿತೆಂದು ನೀವು ಭಾವಿಸಿದ್ದರೆ ಅದೂ ಇಲ್ಲ. ಮೆಟ್ಟಿಲ ಮೇಲೆ ನಡೆದದ್ದನ್ನು ರಸ್ತೋಗಿ ದಿಲ್ಲಿಗೆ ವರದಿ ಮಾಡಿದ. ದಿಲ್ಲಿಯವರಿಗೆ ರೋಮಾಂಚನವಾಯಿತು. ವಾರ ಕಳೆಯುವುದರೊಳಗೆ ಪುಟದಲ್ಲಿ ಹೊಸ ಚಿತ್ರ: ಮಂಜು, ಬಿಳಿ ತುರುಬು, ಲೋಟವನ್ನು ತಬ್ಬಿದ ಎರಡು ಕೈ. ಕೆಳಗೆ ಹೊಸ ಸಾಲು: ‘ದೇವರಿಗೆ ಬಿಡುವುದಾದರೆ ಇದಕ್ಕಿಂತ ಪ್ರಿಯವಾದದ್ದೇನಿದೆ?’ ಒಂದು ವಾದ ಸೋತರೆ ಅದರ ವಿರುದ್ಧದ ವಾದವನ್ನೇ ಅಂಗಿ ಮಾಡಿಕೊಂಡು ತೊಟ್ಟು ಬರುವವರ ಎದುರು ಯಾವ ಚರ್ಚಾಪಟು ಏನು ಮಾಡಬೇಕು? ಕಾಲೇಜಿನಲ್ಲಿ ಅದನ್ನು ಕಲಿಸಿರಲಿಲ್ಲ. ಆಕೆಯ ಒಪ್ಪಿಗೆ ಪಡೆದಿರಾ ಎಂದು ಕೇಳಿದೆ. ಲೋಟ ಹಿಡಿದದ್ದೇ ಒಪ್ಪಿಗೆ ಎಂದ ರಸ್ತೋಗಿ. ಫೆಬ್ರವರಿಯಲ್ಲಿ ಬಿಸಿಲು ಬಿದ್ದಾಗ ನಾನು ಆ ಕೆಲಸ ಬಿಟ್ಟೆ. ಪಟ್ಟಿಯಲ್ಲಿ ಕಾಫಿ ಒತ್ತುವವರ ಸಂಖ್ಯೆ ಅಷ್ಟರಲ್ಲಿ ಏರುತ್ತಿತ್ತು. ಒತ್ತುತ್ತಿದ್ದವರು ಯಾರ ಮಕ್ಕಳೋ ನಾನು ನೋಡಲು ಹೋಗಲಿಲ್ಲ.

ದಿಲ್ಲಿಯವರ ಮೇಲೆ ನನಗೆ ಆಗಿದ್ದ ಸಿಟ್ಟು ಕಾಲಕ್ರಮದಲ್ಲಿ ಇಳಿಯಿತು. ಅವರಿಗೆ ನಮ್ಮ ಪರಿಚಯವಿರಲಿಲ್ಲ, ಇದೆಯೆಂದು ನಂಬಿದ್ದರು, ಅಷ್ಟೇ. ಮಗನ ಮೇಲಿನದೂ ಅರ್ಧ ಇಳಿಯಿತು. ಇಳಿಯದೆ ಉಳಿದದ್ದು ನನ್ನ ಮೂರನೆಯ ಅಂಶ. ಅದನ್ನು ಹೋದ ತಿಂಗಳು, ಗದಗಿನವರು ಕೈ ತೊಳೆಯಲು ಎದ್ದ ಮೇಲೆ, ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತ ಕೂತಿದ್ದ ದೊಡ್ಡಪ್ಪನ ಎದುರು ಇಟ್ಟೆ. ಈಗ ಅವರಿಗೆ ಕಿವಿ ಮಂದ. ಆದರೂ ನಾನು ದನಿ ಎತ್ತರಿಸಲಿಲ್ಲ, ಹತ್ತಿರ ಕೂತು ಹೇಳಿದೆ.

“ಇಲ್ಲದ ಶಾಸ್ತ್ರ ಒಂದನ್ನ ಅವತ್ತು ನೀವು ಕೂತ ಕೂತಲ್ಲೇ ಹುಟ್ಟಿಸಿದ್ರಿ ದೊಡ್ಡಪ್ಪ, ಆಕೀ ಸಿಟ್ಟಿಗೆ ಬೇಕಂತ. ‘ಕೆಲವು ಮನಿತನದಾಗ ಹೆಣ್ಣಮಕ್ಕಳು ಕಾಫಿ ಬಿಡೂ ಹಂಗಿಲ್ಲ’ ಅಂತ, ಅದೇ ಬಾಯಿಲೆ, ಅಷ್ಟೇ ಸುಲಭ ಅನ್ನಬಹುದಿತ್ತಲ್ಲ. ಯಾಕ ಅನ್ಲಿಲ್ಲ?”